ಹಿಂದಕ್ಕೆ ಪಡೆದ ಬಯೋಡಾಟ

ಯುರೋಪಿನ ಹೊಸ ಕಾನೂನು ದುಬೈಯ ಅಲ್ ಮುರಕ್ಕಬಾತ್‌ನಲ್ಲಿರುವ ನಮ್ಮ ಆಫೀಸಿಗೆ ಬಂದದ್ದು 2018ರ ಮೇ ತಿಂಗಳಲ್ಲಿ, ಏಸಿ ಕೆಟ್ಟು ಎಲ್ಲರೂ ಸಿಡಿಮಿಡಿಗುಟ್ಟುತ್ತಿದ್ದ ವಾರ. ನಮ್ಮದು ಪ್ರವಾಸಿಗರಿಗೆ ಹೋಟೆಲು, ಮರುಭೂಮಿಯ ಸವಾರಿ, ದೋಣಿಯಲ್ಲಿ ಊಟ ಇವನ್ನೆಲ್ಲ ಹೊಂದಿಸಿಕೊಡುವ ಸಣ್ಣ ಕಂಪನಿ. ಬರುವವರಲ್ಲಿ ಹೆಚ್ಚಿನವರು ಜರ್ಮನಿ, ಫ್ರಾನ್ಸಿನ ಕಡೆಯವರು. ಅವರ ಹೆಸರು, ಪಾಸ್‌ಪೋರ್ಟು, ಊಟದ ಪಥ್ಯ ಎಲ್ಲ ನಮ್ಮ ಕಂಪ್ಯೂಟರಿನಲ್ಲಿರುವುದರಿಂದ ಆ ಕಾನೂನು ಸಮುದ್ರ ದಾಟಿ ಬಂದು ನಮ್ಮನ್ನೂ ಹಿಡಿಯುತ್ತದಂತೆ. ಮ್ಯಾನೇಜರ್ ಸುತ್ತ ಕಣ್ಣಾಡಿಸಿ, "ಉದ್ದದ ಇಮೇಲನ್ನು ಕೊನೆಯವರೆಗೆ ಓದುವವರು ಇಲ್ಲಿ ನೀವೊಬ್ಬರೇ" ಎಂದು ಹೊಗಳಿ, ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಸಂಬಳ ಇದ್ದಲ್ಲೇ ಇತ್ತು.

ಆನ್‌ಲೈನ್ ತರಗತಿಯಲ್ಲಿ ಕೂತು ಜಿಡಿಪಿಆರ್ ಎಂಬ ಆ ಕಾನೂನನ್ನು ಕಲಿತೆ. ಒಬ್ಬ ಮನುಷ್ಯನ ಮಾಹಿತಿ ಆ ಮನುಷ್ಯನಿಗೇ ಸೇರಿದ್ದು. ತೆಗೆದುಕೊಳ್ಳುವ ಮೊದಲು ಏಕೆ ಎಂದು ಹೇಳಬೇಕು. ತನ್ನ ಬಗ್ಗೆ ಏನೇನು ಬರೆದಿದ್ದೀರಿ ಎಂದು ಅವನು ಕೇಳಿದರೆ ತೋರಿಸಬೇಕು. ಅಳಿಸಿ ಎಂದರೆ, ಬೇರೆ ಕಾರಣವಿಲ್ಲದಿದ್ದರೆ, ಅಳಿಸಬೇಕು. ಅಷ್ಟೇ ಅಲ್ಲ, ನಾವು ಯಾರ್ಯಾರಿಗೆ ದಾಟಿಸಿದ್ದೇವೋ ಅವರಿಗೂ ಹೇಳಿ ಅಳಿಸಲು ತಿಳಿಸಬೇಕು. ಕೇಳುತ್ತ ಕೇಳುತ್ತ ನನಗೆ ನಗು ಬಂತು. ದುಬೈಯ ನಾವೋ ಪಾಸ್‌ಪೋರ್ಟಿನ ಕಾಪಿಯನ್ನು ಪೂಜೆಯ ಪ್ರಸಾದದ ಹಾಗೆ ಹಂಚಿಕೊಂಡು ಬದುಕುವವರು. ನೈಫ್ ಪೇಟೆಯಲ್ಲಿ ಸಿಮ್ ಕಾರ್ಡಿಗೆ ಒಂದು, ಫ್ಲ್ಯಾಟಿನ ಬಾಡಿಗೆಗೆ ಒಂದು, ಮಕ್ಕಳ ಶಾಲೆಗೆ ಒಂದು. ಅದು ಆಮೇಲೆ ಯಾವ ಡ್ರಾಯರಿನಲ್ಲಿ ಮಲಗಿತು ಎಂದು ಯಾರೂ ವಿಚಾರಿಸಿದ್ದಿಲ್ಲ.

ಮೊದಲ ಅರ್ಜಿ ಒಬ್ಬ ಜರ್ಮನ್ ಅಜ್ಜನದ್ದು. ತನ್ನ ಬಗ್ಗೆ ಇರುವುದನ್ನೆಲ್ಲ ಕಳಿಸಿ ಎಂದಿದ್ದರು. ತೆರೆದು ನೋಡಿದರೆ ನಮ್ಮ ಹುಡುಗರಲ್ಲಿ ಯಾರೋ ಬರೆದಿಟ್ಟಿದ್ದರು: "ಎಲ್ಲದಕ್ಕೂ ದೂರುತ್ತಾರೆ. ಒಂಟೆಯ ಹತ್ತಿರ ಬಿಡಬೇಡಿ, ಹೆದರುತ್ತಾರೆ." ಕಾನೂನು ಕಾನೂನೇ. ಕಣ್ಣು ಮುಚ್ಚಿ ಹಾಗೆಯೇ ಕಳಿಸಿಕೊಟ್ಟೆ. ಅವರು ಬರೆದರು: "ಒಂಟೆಯ ವಿಷಯ ನಿಜ. ಮೊದಲನೆಯದನ್ನು ದಯವಿಟ್ಟು ಅಳಿಸಿ." ಅಳಿಸಿದೆ. ಅಂದು ಸಂಜೆ ಮನೆಯಲ್ಲಿ ಇದನ್ನು ಹೇಳಿ ನಾನೂ ನನ್ನ ತಂಗಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ತಂಗಿ ಆಗ ನಮ್ಮ ಜೊತೆಗೇ ಇದ್ದಳು. ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ರಕ್ತ ತೆಗೆಯುವ ಕೆಲಸ. ಅಬುಧಾಬಿಯ ಒಬ್ಬ ಹುಡುಗನೊಂದಿಗೆ ಅವಳ ನಿಶ್ಚಿತಾರ್ಥವಾಗಿ, ಮದುವೆಯ ಹಾಲ್ ಕೂಡ ಗೊತ್ತಾದ ಮೇಲೆ, ಅವನಿಗೆ ಮನಸ್ಸು ತಿರುಗಿ ಎಲ್ಲ ಮುರಿದುಬಿದ್ದಿತ್ತು. ಅವಳು ಅತ್ತದ್ದು ಸ್ವಲ್ಪ ದಿನ. ಆಮೇಲೆ ಅಳುವ ಕೆಲಸವನ್ನು ಊರವರು ವಹಿಸಿಕೊಂಡರು. ಎಲ್ಲಿ ಹೋದರೂ ಅವಳನ್ನು ಕಂಡ ಹೆಂಗಸರ ತಲೆ ಒಂದು ಬದಿಗೆ ವಾಲುತ್ತಿತ್ತು. ಆ ವಾಲಿದ ತಲೆಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇನ್ನು ನನ್ನ ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ. ಮನೆ ಊದ್ ಮೇಥಾದಲ್ಲಿ. ಉಡುಪಿ, ಮಂಗಳೂರಿನ ಕಡೆಯ ಹುಡುಗ ಹುಡುಗಿಯರಿಗೆ ಸಂಬಂಧ ನೋಡುವುದು ಅವರ ಧರ್ಮಾರ್ಥ ಸೇವೆ. ಲಿಫ್ಟಿನಲ್ಲಿ ನಮ್ಮವರು ಯಾರಾದರೂ ಸಿಕ್ಕಿದರೆ ನಾಲ್ಕನೆಯ ಮಹಡಿ ತಲುಪುವುದರೊಳಗೆ ಊರು, ಬಳಿ ಎಂಬ ಗೋತ್ರ, ಸಂಬಳ, ವೀಸಾ ಎಲ್ಲ ಹೊರಗೆ ಬಂದಿರುತ್ತಿತ್ತು. ಕತಾರ್‌ನಿಂದ ಮಸ್ಕತ್‌ವರೆಗೆ ಬಯೋಡಾಟಗಳು ಅವರ ಫೋನಿನ ಮೂಲಕವೇ ಓಡಾಡಬೇಕು. "ಅತ್ತಿಗೆಗೆ ಗೊತ್ತಿಲ್ಲ" ಎಂಬ ಮಾತನ್ನು ನಾನು ಮದುವೆಯಾಗಿ ಬಂದಂದಿನಿಂದ ಕೇಳಿರಲಿಲ್ಲ.

ಜೂನ್‌ನ ಒಂದು ದಿನ ತಂಗಿ ಕೆಲಸದಿಂದ ಬಂದವಳೇ ಚಪ್ಪಲಿಯನ್ನೂ ಬಿಚ್ಚದೆ ಸೋಫಾದಲ್ಲಿ ಕೂತಳು. ಅಂದು ಲ್ಯಾಬಿಗೆ ಒಬ್ಬ ಹೆಂಗಸು ಬಂದಿದ್ದರಂತೆ, ನಮ್ಮ ಕಡೆಯವರೇ, ಇವಳು ಹಿಂದೆ ಕಂಡವರಲ್ಲ. ತೋಳಿಗೆ ಸೂಜಿ ಚುಚ್ಚಿಸಿಕೊಂಡ ಹಾಗೆಯೇ ಇವಳ ಮುಖ ನೋಡಿ, "ನಿಶ್ಚಿತಾರ್ಥ ಮುರಿದ ಹುಡುಗಿ ನೀನೇ ಅಲ್ವಾ? ಫೋಟೋ ನೋಡಿದ್ದೇನೆ. ನಿನ್ನ ತಪ್ಪೆಂತದೂ ಇಲ್ಲ ಅಂತೆ, ಪಾಪ" ಎಂದರಂತೆ. ಪಕ್ಕದ ಕುರ್ಚಿಯವರೂ ತಿರುಗಿ ನೋಡಿದರಂತೆ.

ಆ ಹೆಂಗಸಿನ ಫೋನನ್ನೇ ಕೇಳಿ, ಅದರಲ್ಲಿದ್ದುದನ್ನು ನೋಡಿಕೊಂಡು ಬಂದಿದ್ದಳು. ಅವಳ ಬಯೋಡಾಟದ ಕೆಳಗೆ ಅತ್ತಿಗೆ ತಮ್ಮ ಕೈಯಾರೆ ಒಂದು ಸಾಲು ಸೇರಿಸಿ ಕಳಿಸಿದ್ದರು: "ನಿಶ್ಚಿತಾರ್ಥ ಒಮ್ಮೆ ಮುರಿದಿದೆ. ಹುಡುಗಿಯ ತಪ್ಪಿಲ್ಲ."

"ಅಕ್ಕಾ, ಆಫೀಸಲ್ಲಿ ಕೂತು ಜರ್ಮನಿಯವರನ್ನೆಲ್ಲ ಅಳಿಸ್ತೀಯಲ್ಲ," ಎಂದಳು ತಂಗಿ. "ನನ್ನನ್ನೂ ಒಮ್ಮೆ ಅಳಿಸಿ ಬಿಡು, ಪ್ಲೀಸ್. ನಾನು ಸುಮ್ಮನೆ ರಕ್ತ ತೆಗೆದುಕೊಂಡು ಇರ್ತೇನೆ. ಯಾರಿಗೂ ನನ್ನ ನೆನಪು ಬೇಡ."

ಅವಳು ತಮಾಷೆಗೆ ಹೇಳಿದ ಹಾಗೆ ಹೇಳಿದಳು, ಆದರೆ ದನಿ ನಡುಗುತ್ತಿತ್ತು.

ಶುಕ್ರವಾರ ಬೆಳಿಗ್ಗೆಯೇ ಊದ್ ಮೇಥಾಕ್ಕೆ ಹೋದೆ. ಅತ್ತಿಗೆ ನೀರುದೋಸೆ ಹುಯ್ಯುತ್ತಿದ್ದರು. ತಿಂದು ಮಾತಾಡಿದರೆ ಸಿಟ್ಟು ಇಳಿದೀತೆಂದು ತಟ್ಟೆ ದೂರ ಸರಿಸಿ, ಯುರೋಪಿನ ಕಾನೂನನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. ಮನೆಮಂದಿಯ ಖಾಸಗಿ ವ್ಯವಹಾರಕ್ಕೆ ಆ ಕಾನೂನು ತಾಗುವುದಿಲ್ಲ ಎಂದು ಅದರಲ್ಲೇ ಬರೆದಿರುವುದನ್ನು ಮಾತ್ರ ಹೇಳಲಿಲ್ಲ.

"ನಾನೆಂತ ಕಳ್ಳಿಯಾ?" ಅತ್ತಿಗೆ ಸಟ್ಟುಗವನ್ನು ಕೆಳಗಿಟ್ಟರು. "ಅವಳು ನಮ್ಮವಳು. ನಮ್ಮವಳ ವಿಷಯ ನಮ್ಮದಲ್ಲದೆ ಮತ್ತೆ ಯಾರದ್ದು, ಜರ್ಮನಿಯವರದ್ದಾ?"

"ಕಳಿಸುವ ಮೊದಲು ಅವಳ ಹತ್ರ ಕೇಳಿದ್ರಾ ಅತ್ತಿಗೆ?"

"ಕೇಳಿದ್ರೆ ಬೇಡ ಹೇಳ್ತಾಳಲ್ಲ ಮಾರಾಯ್ತಿ. ಅದಕ್ಕೇ ಕೇಳ್ಲಿಲ್ಲ."

ಕಾನೂನನ್ನು ಬದಿಗಿಟ್ಟು ಲ್ಯಾಬಿನಲ್ಲಿ ನಡೆದದ್ದನ್ನು ಹೇಳಿದೆ. ಅತ್ತಿಗೆ ಒಲೆಯ ಕಡೆ ತಿರುಗಲೇ ಇಲ್ಲ. ಕಾವಲಿಯ ಮೇಲಿನ ದೋಸೆ ಸೀದು ವಾಸನೆ ಬಂತು. "ಅವಳ ಮೇಲೆ ಮಾತು ಬರಬಾರ್ದು ಅಂತ ಆ ಸಾಲು ಹಾಕಿದ್ದು ನಾನು," ಎಂದರು ಕೊನೆಗೆ. "ಮುಖದ ಮೇಲೆಯೇ ಹೇಳ್ತಾರೆ ಅಂತ ನಂಗೆಂತ ಗೊತ್ತು?" ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಸಿಟ್ಟು ದೋಸೆ ತಿನ್ನದೆಯೇ ಇಳಿಯಿತು.

ಆಮೇಲೆ ಅವರು ಸುಮ್ಮನೆ ಕೂರುವವರೇ? ಫೋನು ತೆಗೆದು ಯಾರ್ಯಾರಿಗೆ ಕಳಿಸಿದ್ದರೋ ಅವರಿಗೆಲ್ಲ ತಮ್ಮ ದನಿಯಲ್ಲೇ ಸಂದೇಶ ಕಳಿಸಲು ಕೂತರು. "ಆ ನಮ್ಮ ಲ್ಯಾಬಿನ ಹುಡುಗಿಯದ್ದು ಬಯೋಡಾಟ ಉಂಟಲ್ಲ, ತೆಗೆದುಬಿಡಿ. ನೀವು ಯಾರಿಗೆ ಕಳಿಸಿದ್ದೀರೋ ಅವರಿಗೂ ಹೇಳಿ. ಇನ್ನು ಬೇಡ, ಖಲಾಸ್." ಮಸ್ಕತ್, ಬಹರೈನ್, ಕುಂದಾಪುರ ಯಾವುದನ್ನೂ ಬಿಡಲಿಲ್ಲ. ಒಂದು ಅಕ್ಷರವನ್ನೂ ಓದದೆ ಅತ್ತಿಗೆ ಆ ಕಾನೂನನ್ನು ಪಾಲಿಸಿದ ಚಂದಕ್ಕೆ ನಮ್ಮ ತರಗತಿಯವರು ಪ್ರಮಾಣಪತ್ರವನ್ನೇ ಕೊಡುತ್ತಿದ್ದರು. ನಾನು ಗೆದ್ದ ಖುಷಿಯಲ್ಲಿ ದೋಸೆ ತಿಂದು ಮನೆಗೆ ಬಂದೆ.

ಮಧ್ಯಾಹ್ನ ಮಲಗಿ ಏಳುವಷ್ಟರಲ್ಲಿ ಫೋನುಗಳು ಶುರುವಾದವು. "ಅಭಿನಂದನೆ! ಹುಡುಗ ಯಾರು?"

ನಮ್ಮವರಲ್ಲಿ ಬಯೋಡಾಟವನ್ನು ಹಿಂದಕ್ಕೆ ಪಡೆಯುವುದು ಒಂದೇ ಕಾರಣಕ್ಕೆ: ಮದುವೆ ಗೊತ್ತಾದರೆ. ಇಷ್ಟು ಸಾಮಾನ್ಯ ಸಂಗತಿ ನನ್ನ ಜಾಣತಲೆಗೆ ಹೊಳೆದೇ ಇರಲಿಲ್ಲ. ಮದುವೆಯಿಲ್ಲದೆ ಒಂದು ಬಯೋಡಾಟವನ್ನೂ ತೆಗೆಸಿ ಗೊತ್ತಿಲ್ಲದ ಅತ್ತಿಗೆಗೂ ಹೊಳೆದಿರಲಿಲ್ಲ. ಹುಡುಗ ಕೆನಡಾದವನೆಂದು ಒಬ್ಬರು, ಡಾಕ್ಟರೆಂದು ಇನ್ನೊಬ್ಬರು. ನನ್ನ ಗಂಡ ನೈಫ್‌ನ ಅಂಗಡಿಗೆ ಟಾರ್ಚ್ ತರಲು ಹೋದವರು, ಹುಡುಗನಿಗೆ ಎರಡು ಹೋಟೆಲ್ ಇವೆಯಂತೆ ಎಂಬ ಸುದ್ದಿಯನ್ನೂ ಹೊತ್ತುಕೊಂಡು ಬಂದರು. ಊರಿನಿಂದ ಅಮ್ಮ ಫೋನ್ ಮಾಡಿ, ಸ್ವಂತ ಮಗಳ ಮದುವೆಯನ್ನು ಮೀನು ಮಾರುವವಳಿಂದ ಕೇಳಬೇಕಾಯಿತಲ್ಲ ಎಂದು ಅತ್ತರು. ಅವರಿಗೆ ನಿಜ ಹೇಳಿ ಸಮಾಧಾನ ಮಾಡುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಮರೆತುಬಿಡಿ ಎಂದು ಕೇಳಿದ್ದ ಹುಡುಗಿಯನ್ನು ಇಡೀ ಗಲ್ಫ್‌ಗೆ ನೆನಪು ಮಾಡಿಸಿಬಿಟ್ಟಿದ್ದೆ. ತಂಗಿಗೆ ಹೇಗೆ ಹೇಳುವುದೆಂದು ಹೆದರುತ್ತಲೇ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು.

"ಅಕ್ಕಾ, ಹಾಗೇ ಇರಲಿ," ಎಂದಳು ಕಣ್ಣೊರೆಸಿಕೊಂಡು. "ಮದುವೆ ಗೊತ್ತಾದ ಹುಡುಗಿಯನ್ನು ಯಾರು ನೋಡ್ತಾರೆ? ಯಾರು ಪಾಪ ಅಂತಾರೆ? ನಂಗೆ ಬೇಕಾದ್ದು ಇದೇ. ಒಂದು ವರ್ಷ ನನ್ನ ಪಾಡಿಗೆ ಬಿಟ್ರೆ ಸಾಕು. ಆದ್ರೆ ದೊಡ್ಡಕ್ಕ ಬಾಯಿ ಬಿಡಬಾರ್ದು."

ದೊಡ್ಡಕ್ಕ ಎಂದರೆ ಅತ್ತಿಗೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅತ್ತಿಗೆಯ ಬಾಯಲ್ಲಿ ಗುಟ್ಟು ನಿಲ್ಲುವುದುಂಟೇ? "ಹುಡುಗನೂ ಇಲ್ಲ, ಎಂತದೂ ಇಲ್ಲ" ಎಂದು ಅವರು ಒಬ್ಬರ ಕಿವಿಯಲ್ಲಿ ಉಸುರಿದರೂ ಸಾಕು. ವಾಲಿದ ತಲೆಗಳೆಲ್ಲ ಮೊದಲಿಗಿಂತ ಹೆಚ್ಚು ವಾಲುತ್ತಿದ್ದವು. ಹೇಳಿದಾಗ ಅತ್ತಿಗೆ, "ನೋಡುವ" ಎಂದರು. ಆ ಮಾತಿನಿಂದ ನನಗೆ ಯಾವ ಧೈರ್ಯವೂ ಬರಲಿಲ್ಲ.

ಸ್ವಲ್ಪ ದಿನದಲ್ಲೇ ಊರವರ ಸಂಘದ ಸತ್ಯನಾರಾಯಣ ಪೂಜೆ. ಪೂಜೆ ಮುಗಿದು ಪಾಯಸದ ಲೋಟ ಕೈಗೆ ಬರುವುದೇ ತಡ, ಹೆಂಗಸರು ಅತ್ತಿಗೆಯನ್ನು ಸುತ್ತುವರಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ಹುಡುಗ ಯಾರು ಅಕ್ಕಾ? ನಮಗಾದ್ರೂ ಹೇಳಿ. ನಿಮಗೆ ಗೊತ್ತಿಲ್ಲದ ಸಂಬಂಧ ಗಲ್ಫಲ್ಲಿ ಉಂಟಾ?"

ಅತ್ತಿಗೆ ಬಾಯಿ ತೆರೆದರು. ಹಾಲ್‌ನ ಆಚೆ ಬದಿಯಲ್ಲಿ ತಂಗಿ ಮಕ್ಕಳ ಪಂಕ್ತಿಗೆ ಬಡಿಸುತ್ತಿದ್ದಳು. ಹಾದುಹೋಗುವವರು ಅವಳನ್ನು ಕಂಡು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಯಾರ ತಲೆಯೂ ವಾಲಿರಲಿಲ್ಲ. ಅತ್ತಿಗೆ ಅವಳನ್ನೇ ನೋಡಿದರು.

"ನಂಗೆ ಗೊತ್ತಿಲ್ಲ ಮಾರಾಯ್ರೆ," ಎಂದರು. "ನಂಗೆ ಹೇಳ್ಲೇ ಇಲ್ಲ ಅವರು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತಿಗೆಗೇ ಹೇಳಿಲ್ಲವಂತೆ! ಸ್ವಂತ ನಂಟರೇ ಮೂಲೆಗೆ ಹಾಕಿದರು ಎಂಬ ಕನಿಕರದಲ್ಲಿ ಈ ಸಲ ಅತ್ತಿಗೆಯ ಎದುರು ನಾಲ್ಕು ತಲೆಗಳು ವಾಲಿದವು. ಅವರು ಲೋಟದಲ್ಲಿ ಮುಖ ಹುದುಗಿಸಿ ಪಾಯಸ ಕುಡಿದರು. ನನಗೆ ಅವರನ್ನು ಅಲ್ಲೇ ತಬ್ಬಿಕೊಳ್ಳಬೇಕೆನ್ನಿಸಿತು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ತಂಗಿ ಅವರ ಕೈ ಹಿಡಿದುಕೊಂಡು, "ದೊಡ್ಡಕ್ಕಾ, ನಿಜವಾಗಿ ಯಾರಾದ್ರೂ ಸಿಕ್ಕಿದ್ರೆ ಎಲ್ಲರಿಗಿಂತ ಮೊದಲು ನಿಮಗೇ ಹೇಳ್ತೇನೆ" ಎಂದಳು.

"ಬೇಡ ಮಗಾ," ಎಂದರು ಅತ್ತಿಗೆ ಗಾಬರಿಯಿಂದ. "ನಂಗೆ ಎಲ್ಲರಿಗಿಂತ ಕಡೆಗೆ ಹೇಳು. ಇವತ್ತು ಬಾಯಿ ಬಿಡದೆ ಇರ್ಲಿಕ್ಕೆ ಎಷ್ಟು ಕಷ್ಟ ಆಯ್ತು ಅಂತ ನಂಗೇ ಗೊತ್ತು."