ಒಮಾನಿನ ಬೆಟ್ಟಗಳಲ್ಲಿ ನಗುತ್ತಿದ್ದವಳು

ಅಮ್ಮನ ಜೊತೆ ಕೊನೆಯ ಸಲ ಮಾತಾಡಿದಾಗ ನಾನು ಒಮಾನ್ ದೇಶದ ನಿಜ್ವಾ ಎಂಬ ಊರಿನ ಮೇಕೆ ಸಂತೆಯಲ್ಲಿ ನಿಂತಿದ್ದೆ. ಕೋಟೆಗೋಡೆಯ ಪಕ್ಕದಲ್ಲೇ ಸಂತೆ. ಮಾರುವವರು ಮೇಕೆಯನ್ನು ಹಗ್ಗ ಹಿಡಿದು ದುಂಡಗೆ ಸುತ್ತಿಸುತ್ತಾರೆ, ಕೊಳ್ಳುವವರು ಕೂತಲ್ಲಿಂದಲೇ ಕೂಗಿ ನಿಲ್ಲಿಸಿ ಹಲ್ಲು ನೋಡುತ್ತಾರೆ. ಪ್ರವಾಸಕ್ಕೆ ಬಂದಿದ್ದ ನಮ್ಮ ನಾಲ್ವರಲ್ಲಿ ಅಲ್ಲಿನ ಸಿಮ್ ಹಾಕಿಸಿಕೊಂಡಿದ್ದವರು ನನ್ನ ಯಜಮಾನರು ಒಬ್ಬರೇ. ಅವರ ಫೋನನ್ನು ಕಿವಿಗೆ ಒತ್ತಿಕೊಂಡು ಗದ್ದಲದ ನಡುವೆ ಮಾತಾಡಿದೆ.

"ಅದೇನೇ ಗಲಾಟೆ?" ಅಂದಳು ಅಮ್ಮ.

"ಮೇಕೆ ಸಂತೆ ಕಣಮ್ಮ."

"ವಿಮಾನ ಹತ್ತಿ ಹೋಗಿ ಮೇಕೆ ನೋಡ್ತಿದ್ದೀಯಾ? ಹಾಸನಕ್ಕೆ ಬಂದಿದ್ರೆ ಸಂತೆಪೇಟೇಲಿ ನಾನೇ ತೋರಿಸ್ತಿದ್ದೆ."

"ಕೋಟೆನೂ ನೋಡಿದ್ವಿ."

"ಅನ್ನ ಸಿಗುತ್ತಾ ಅಲ್ಲಿ?"

"ಸಿಗುತ್ತೆ. ನಿನ್ ಮಂಡಿ ಹೆಂಗಿದೆ?"

"ಅದು ನನ್ ಜೊತೇಲೇ ಬರೋದು, ಬಿಡು. ಇಡು ಫೋನು, ಅವರದ್ದು, ಕರೆಂಟ್ ಖಾಲಿ ಮಾಡ್ಬೇಡ."

ಅಮ್ಮನಿಗೆ ಫೋನಿನ ಬ್ಯಾಟರಿಯೂ ಕರೆಂಟೇ. ನಾನು ನಗುತ್ತಾ ಇಟ್ಟೆ. ಅವಳು ಹಾಸನದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು. ತಮ್ಮನದು ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಅವನು ಅಂಗಡಿ ತೆಗೆಯುವ ಹೊತ್ತಿಗೆ ಇವಳೂ ಹೋಗಿ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಮೊಳೆ ಕೇಳಲು ಬಂದವರ ಹತ್ತಿರವೆಲ್ಲ ಮನೆ ಎಲ್ಲಿಗೆ ಬಂತು, ಗೃಹಪ್ರವೇಶ ಯಾವಾಗ ಎಂದು ವಿಚಾರಿಸುತ್ತಿದ್ದಳು.

ನಾವಿರುವುದು ಕೀನ್ಯಾದ ನೈರೋಬಿಯಲ್ಲಿ, ಸೌತ್ ಬಿ ಎಂಬ ಬಡಾವಣೆಯಲ್ಲಿ. ಪಕ್ಕದ ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ನನ್ನ ಯಜಮಾನರು ಮೆಷಿನುಗಳ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಇಲ್ಲಿಗೆ ಬಂದ ಮೊದಲ ವರ್ಷವೇ ನಾನು ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಇಲ್ಲಿಂದ ಬೆಂಗಳೂರಿಗೆ ನೇರ ವಿಮಾನ ಸಿಗುವುದಿಲ್ಲ. ಎಲ್ಲೋ ಇಳಿದು, ಕಾದು, ಮತ್ತೆ ಹತ್ತಿ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಮ್ಮ ತೀರಿಕೊಂಡರೆ ನನಗೆ ಅವಳ ಮುಖ ನೋಡಲು ಸಿಗುವುದಿಲ್ಲ. ಇಲ್ಲಿರುವ ನಮ್ಮ ಕಡೆಯ ಹೆಂಗಸರೆಲ್ಲ ಇದನ್ನು ಒಳಗೊಳಗೇ ಒಪ್ಪಿಕೊಂಡವರು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊರಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಎತ್ತುವ ಮೊದಲು ಒಲೆ ಆರಿಸುತ್ತೇವೆ, ಅಷ್ಟೆ.

ಆದರೆ ಆ ವಾರ ನಾನು ನೈರೋಬಿಯಲ್ಲಿರಲಿಲ್ಲ. ಒಮಾನಿನಲ್ಲಿದ್ದೆ. ಮಸ್ಕತ್‌ನಿಂದ ಬೆಂಗಳೂರಿಗೆ ನೇರ ವಿಮಾನವಿದೆ, ಮೂರು ಗಂಟೆಯ ಹಾರಾಟ. ಊರಿಗೆ ರಜೆಗೆ ಹೋದದ್ದನ್ನು ಬಿಟ್ಟರೆ ಇಷ್ಟು ವರ್ಷಗಳಲ್ಲಿ ನಾನು ಅಮ್ಮನಿಗೆ ಅಷ್ಟು ಹತ್ತಿರ ಇದ್ದದ್ದು ಅದೊಂದೇ ವಾರ.

ಪ್ರವಾಸ ಗೊತ್ತು ಮಾಡಿದ್ದು ಯಜಮಾನರು. ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತ್ತು. ಅದೇ ಕಾರ್ಖಾನೆಯ ಅವರ ಸ್ನೇಹಿತರೊಬ್ಬರು, ಮಂಗಳೂರು ಕಡೆಯ ಅವರ ಹೆಂಡತಿ, ನಾವಿಬ್ಬರು, ಒಂದು ಜೀಪು, ಜೀಪು ಓಡಿಸುತ್ತಾ ಊರು ತೋರಿಸುವ ಒಬ್ಬ ಗೈಡ್. ಗೈಡ್ ಒಮಾನಿನವನೇ, ಆದರೆ ಅವನ ಅಜ್ಜನ ಕಾಲದವರು ಆಫ್ರಿಕಾದ ಜಾಂಜಿಬಾರ್‌ನಲ್ಲಿದ್ದವರಂತೆ. ನಮ್ಮೊಂದಿಗೆ ಸ್ವಾಹಿಲಿಯಲ್ಲೇ ಮಾತಾಡುತ್ತಿದ್ದ. ಅರಬರ ದೇಶದಲ್ಲಿ ನಾವು ಹಾಸನದವರು, ಮಂಗಳೂರಿನವರು, ನೈರೋಬಿಯ ತರಕಾರಿ ಅಂಗಡಿಯ ಭಾಷೆಯಲ್ಲಿ ಮಾತಾಡಿಕೊಂಡು ಬೆಟ್ಟ ಹತ್ತಿದೆವು. ಮೊದಲೆರಡು ದಿನ ಅವನು ಜಾಂಜಿಬಾರ್ ಕಡೆಯ ಹಳೇ ಹಾಡುಗಳನ್ನು ಹಾಕಿ ಜೊತೆಗೆ ತಾನೂ ಹಾಡುತ್ತಿದ್ದ.

ನಿಜ್ವಾದ ಮಾರನೆಯ ದಿನ ಜೆಬೆಲ್ ಅಖ್ದರ್ ಎಂಬ ಬೆಟ್ಟದ ಮೇಲಿನ ಹೋಟೆಲಿನಲ್ಲಿದ್ದೆವು. ಬೆಳಿಗ್ಗೆ ಯಜಮಾನರಿಗೆ ಫೋನು ಬಂತು. ಎತ್ತಿಕೊಂಡು ಹೊರಗೆ ಹೋದರು. ಗಾಜಿನ ಬಾಗಿಲಾಚೆ ಅವರು ನಮಗೆ ಬೆನ್ನು ಮಾಡಿ, ಕಣಿವೆಯ ಕಡೆ ತಿರುಗಿ ಬಹಳ ಹೊತ್ತು ಮಾತಾಡುವುದು ಕಾಣುತ್ತಿತ್ತು.

"ಯಾರ್ರೀ?" ಅಂತ ಕೇಳಿದೆ, ಒಳಗೆ ಬಂದ ಮೇಲೆ.

"ಫ್ಯಾಕ್ಟರಿಯಿಂದ. ಒಂದು ಮೆಷಿನ್ ನಿಂತೋಗಿದೆಯಂತೆ."

"ಇಲ್ಲಿಗೂ ಬಿಡಲ್ವಾ ನಿಮ್ಮನ್ನ? ನೀವಿಲ್ದೆ ಒಂದು ವಾರ ಬಕೆಟ್ ಮಾಡ್ದಿದ್ರೆ ಕೀನ್ಯಾದೋರು ಸ್ನಾನ ಮಾಡಲ್ಲ ಅಂತಾರಾ?"

ಅವರು ನಗಲಿಲ್ಲ. ಮೆಷಿನಿನ ಚಿಂತೆ ಎಂದುಕೊಂಡೆ.

ಆ ದಿನದಿಂದ ಜೀಪಿನಲ್ಲಿ ಹಾಡು ನಿಂತಿತು. ನಾನೇ ಕೇಳಿದೆ. ಗೈಡ್ ಕನ್ನಡಿಯಲ್ಲಿ ನನ್ನ ಮುಖ ನೋಡದೆ, ಕೆಟ್ಟುಹೋಗಿದೆ ಮಾಮಾ ಅಂದ. ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ. ಮಂಗಳೂರಿನವಳು ನನಗೆ ಮುಂದಿನ ಸೀಟು ಬಿಟ್ಟುಕೊಟ್ಟಳು.

"ನೀವು ಎದುರು ಕೂತ್ಕೊಳ್ಳಿ ಅಕ್ಕ. ನನಗೆ ಹಿಂದೆಯೇ ಸಾಕು."

"ನಿಂಗೆ ತಿರುವಲ್ಲಿ ವಾಂತಿ ಬರುತ್ತಲ್ವಾ? ನಿನ್ನೆ ಅದಕ್ಕೇ ತಾನೆ ಜಗಳಾಡಿ ಕೂತಿದ್ದು?"

"ಇವತ್ತು ಎಂತ ಇಲ್ಲ ಅಕ್ಕ. ಮಾತ್ರೆ ತಗೊಂಡಿದ್ದೇನೆ."

ಅವರೆಲ್ಲ ನನಗೆ ಒಳ್ಳೆಯವರಾಗಿಬಿಟ್ಟಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ವಯಸ್ಸಾಯಿತಲ್ಲ, ಮರ್ಯಾದೆ ಕೊಡುತ್ತಿದ್ದಾರೆ ಎಂದು ಖುಷಿಪಟ್ಟೆ.

ಬೆಟ್ಟದ ಅಂಚಿಗೆ ಅಂಟಿಕೊಂಡ ಹಳ್ಳಿಗಳು ಅವು. ಕಲ್ಲಿನ ಮನೆಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಗುಲಾಬಿ ತೋಟ. ಹೂ ಬಿಡಿಸುವ ಕಾಲ. ಹಳೇ ಮನೆಯೊಂದರಲ್ಲಿ ಮಣ್ಣಿನ ಒಲೆಯ ಮೇಲೆ ಗುಲಾಬಿ ದಳ ಬೇಯಿಸಿ ಪನ್ನೀರು ಇಳಿಸುತ್ತಿದ್ದರು. ಗೋಡೆಯೆಲ್ಲ ಹೊಗೆಗೆ ಕಪ್ಪಾಗಿತ್ತು, ಆದರೂ ಒಳಗೆ ಹೋದರೆ ದೇವಸ್ಥಾನದ ವಾಸನೆ. ಆ ಮನೆಯ ಮುದುಕ ನನ್ನ ಬೊಗಸೆಗೆ ಹೂ ಸುರಿದ. ಒಂದನ್ನು ಮುಡಿದುಕೊಂಡೆ.

"ರೀ, ಒಂದು ಫೋಟೋ ತೆಗೀರಿ."

ಅವರು ತೆಗೆದರು. ನಾನು ಹಲ್ಲು ಬಿಟ್ಟು ನಕ್ಕಿದ್ದೇನೆ.

ಅಮ್ಮನಿಗೆಂದು ಒಂದು ಬಾಟಲಿ ಪನ್ನೀರು ಕೊಂಡೆ. ಅವಳು ಕಣ್ಣುರಿಗೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಳ್ಳುತ್ತಾಳೆ, ಹಾಸನದಲ್ಲಿ ಸಿಗುವುದು ಬರೀ ನೀರು ಎಂದು ಬೈಯುತ್ತಿರುತ್ತಾಳೆ ಎಂದು ಗೈಡ್‌ಗೆ ವಿವರಿಸಿ ಹೇಳಿದೆ. ಒಳ್ಳೆಯದನ್ನೇ ಕೊಡಿಸು ಎಂದೆ. ಅವನು ಹೊರಗೆ ಹೋಗಿ ನಿಂತ. ಸ್ನೇಹಿತರು ಫೋನ್ ನೋಡುತ್ತಿದ್ದರು. ಮಂಗಳೂರಿನವಳು ಒಲೆಯ ಕಡೆ ತಿರುಗಿಕೊಂಡಳು. ನನ್ನ ಯಜಮಾನರು ಜೇಬಿನಿಂದ ದುಡ್ಡು ತೆಗೆದು ಕೊಟ್ಟರು. ಅಮ್ಮ ಆಗಲೇ ಇರಲಿಲ್ಲ. ಅಲ್ಲಿದ್ದ ನಾಲ್ವರಿಗೂ ಅದು ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಅಮ್ಮನಿಗೆ ಫೋನ್ ಮಾಡಿಕೊಡಿ ಎಂದು ದಿನವೂ ಕೇಳಿದೆ. ಬೆಟ್ಟದ ಮೇಲೆ ಸಿಗ್ನಲ್ ಇಲ್ಲ ಅಂದರು. ಸಂಜೆ, ಅಲ್ಲಿ ಈಗ ಮಲಗಿರುತ್ತಾರೆ ಅಂದರು. ಮಿಸ್ಫಾ ಎಂಬ ಹಳ್ಳಿಗೆ ಹೋದ ದಿನ ನಾನು ಸ್ವಲ್ಪ ಸಿಟ್ಟಿನಲ್ಲೇ ಕೇಳಿದ್ದೆ. ಅಲ್ಲಿ ಮಣ್ಣಿನ ಮನೆಗಳು ಒಂದರ ಮೇಲೊಂದು ಕೂತಿವೆ. ಓಣಿಗಳ ನಡುವೆ ಕಲ್ಲುಕಾಲುವೆಯಲ್ಲಿ ಬೆಟ್ಟದ ನೀರು ಹರಿಯುತ್ತದೆ, ಪ್ರತಿ ತೋಟಕ್ಕೂ ಇಷ್ಟು ಹೊತ್ತು ಎಂದು ಪಾಳಿ. ಮಾವಿನ ಮರದ ಕೆಳಗೆ ಆ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ.

"ಬೆಳಿಗ್ಗೆ ನಾನೇ ಮಾತಾಡ್ದೆ ಕಣೇ," ಅಂದರು ಯಜಮಾನರು. "ನೀನು ಸ್ನಾನಕ್ಕೆ ಹೋಗಿದ್ದೆ. ಅತ್ತೆ ಚೆನ್ನಾಗಿದಾರೆ. ನಿನ್ನ ಕೇಳಿದ್ರು."

"ಏನಂದ್ಲು?"

"ಹುಷಾರಾಗಿ ಬನ್ನಿ ಅಂದ್ರು."

ಅಂದು ಮೂರನೆಯ ದಿನ. ನಮ್ಮಲ್ಲಿ ಮೂರನೆಯ ದಿನ ಮಣ್ಣಿನ ಮೇಲೆ ಹಾಲುತುಪ್ಪ ಬಿಡುತ್ತಾರೆ. ಹಾಸನದಲ್ಲಿ ನನ್ನ ತಮ್ಮ ಬಿಟ್ಟು ಬಂದಿದ್ದ. ಸಿಗ್ನಲ್ ಇಲ್ಲ ಎಂದಿದ್ದನ್ನು ನಾನು ಕ್ಷಮಿಸಬಲ್ಲೆ. ಮಲಗಿರುತ್ತಾರೆ ಎಂದಿದ್ದನ್ನೂ. ಇಲ್ಲದ ಅಮ್ಮನ ಬಾಯಲ್ಲಿ ಮಾತು ಹಾಕಿ ನನಗೆ ತಂದುಕೊಟ್ಟರಲ್ಲ, ಅದು ಆಗುವುದಿಲ್ಲ. ಆ ಮಾತು ಕೇಳಿ ನಾನು ಸಮಾಧಾನವಾಗಿ ಕಾಲು ಒರೆಸಿಕೊಂಡು ಎದ್ದೆ.

ನೈರೋಬಿಗೆ ವಾಪಸಾದ ರಾತ್ರಿಯೂ ಅವರು ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಒಲೆ ಹಚ್ಚಲು ಹೊರಟರೆ, ತಡಿ, ಈಗಲೇ ಬೇಡ ಅಂದರು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಮಂಗಳೂರಿನವಳು ಮುಚ್ಚಿದ ಪಾತ್ರೆಯಲ್ಲಿ ಉಪ್ಪಿಟ್ಟು ಹಿಡಿದು ಬರುತ್ತಿದ್ದಳು, ಹಿಂದೆ ಅವಳ ಗಂಡ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ತಿಂಡಿ ತರುತ್ತಾರೆ. ನಾನೂ ಎಷ್ಟೋ ಮನೆಗೆ ಹಾಗೆ ಪಾತ್ರೆ ಹಿಡಿದು ಹೋಗಿದ್ದೇನೆ. ಅವಳು ಪಾತ್ರೆ ಹಿಡಿದಿದ್ದ ರೀತಿ ನೋಡಿಯೇ ನನಗೆ ಗೊತ್ತಾಯಿತು.

"ಯಾರು?" ಅಂದೆ.

ಯಜಮಾನರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. "ಅತ್ತೆ," ಅಂದರು.

"ಯಾವಾಗ?"

ಅವರು ಹೇಳಿದರು. ಹಾರ್ಟ್ ಅಟ್ಯಾಕ್, ನಿದ್ದೆಯಲ್ಲೇ, ನೋವಾಗಲಿಲ್ಲ. ನಿಜ್ವಾದ ಮಾರನೆಯ ಬೆಳಿಗ್ಗೆ. ನಾನು ಬಕೆಟ್ಟಿನ ತಮಾಷೆ ಮಾಡಿದ ಬೆಳಿಗ್ಗೆ.

"ದಾರೀಲಿ ನಿಮ್ಗೆ ಏನಾದ್ರೂ ಆದ್ರೆ ಅಂತ," ಅಂದರು ಸ್ನೇಹಿತರು. "ನಿಮ್ಮ ಒಳ್ಳೇದಕ್ಕೇ ಅತ್ತಿಗೆ."

"ನನಗೂ ಹೇಳ್ಬೇಕು ಅಂತ ಇತ್ತು ಅಕ್ಕ," ಅಂದಳು ಮಂಗಳೂರಿನವಳು. "ಇವರು ಬಿಡ್ಲಿಲ್ಲ."

ಇವರು ಎಂದರೆ ಅವಳ ಗಂಡನೋ, ನನ್ನ ಗಂಡನೋ, ನಾನು ಕೇಳಲಿಲ್ಲ. ಉಪ್ಪಿಟ್ಟು ತಿಂದೆ ಎಂದು ಕಾಣುತ್ತದೆ. ಪಾತ್ರೆ ತೊಳೆದು ಕೊಟ್ಟದ್ದು ನೆನಪಿದೆ.

ದೂರದಲ್ಲಿರುವವರಿಗೆ ಸುದ್ದಿಯನ್ನು ತಡೆದು ಹೇಳುವುದು ನಮ್ಮವರಲ್ಲಿ ಹೊಸದಲ್ಲ. ಊಟವಾಗಲಿ, ನಿದ್ದೆಯಾಗಲಿ, ಪರೀಕ್ಷೆ ಮುಗಿಯಲಿ. ಅದನ್ನು ಕರುಣೆ ಎಂದೇ ಕರೆಯುತ್ತೇವೆ. ನನ್ನ ಯಜಮಾನರೂ ಕರುಣೆಯಿಂದಲೇ ಮಾಡಿದರು ಎಂದು ಹಾಸನ ಮುಟ್ಟುವ ತನಕ ನನಗೆ ನಾನೇ ಹೇಳಿಕೊಂಡೆ.

ಹನ್ನೊಂದನೆಯ ದಿನದ ತಿಥಿಗೆ ಹೋಗಿ ಸೇರಿದೆವು. ಬಾಗಿಲಲ್ಲಿ ತಮ್ಮನ ಹೆಂಡತಿ ಚೊಂಬಲ್ಲಿ ನೀರು ಕೊಟ್ಟು, "ಟೂರ್ ಚೆನ್ನಾಗಾಯ್ತಾ ಅತ್ತಿಗೆ?" ಅಂದಳು. ನನಗೆ ಅರ್ಥವಾಗಲಿಲ್ಲ. ಹೆಂಗಸರ್ಯಾರೂ ನನ್ನನ್ನು ತಬ್ಬಿಕೊಂಡು ಅಳಲಿಲ್ಲ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಮಾತ್ರ ಜಾಗ ಬಿಟ್ಟು ಕೂರಿಸಿಕೊಂಡಳು. ಎಡೆ ಇಟ್ಟು ಎಲ್ಲರೂ ಉಂಡೆದ್ದ ಮೇಲೆ ನಾನೇ ತಮ್ಮನನ್ನು ಹಿತ್ತಲಿಗೆ ಕರೆದೆ.

"ಯಾಕೋ ನನ್ ಮುಖ ನೋಡ್ತಿಲ್ಲ?"

ಅವನು ಫೋನ್ ತೆಗೆದು ತೋರಿಸಿದ. ಬೊಗಸೆ ತುಂಬ ಗುಲಾಬಿ, ಮುಡಿಯಲ್ಲೊಂದು, ನಾನು ನಗುತ್ತಿದ್ದೇನೆ. ಯಜಮಾನರಿಗೆ ಎಲ್ಲಿ ಹೋದರೂ ವಾಟ್ಸಾಪ್ ಸ್ಟೇಟಸ್ ಹಾಕುವ ಅಭ್ಯಾಸ. ಅಂದೂ ಹಾಕಿದ್ದರು, ಯೋಚನೆಯೇ ಇಲ್ಲದೆ. ಇಲ್ಲಿ ಮಣ್ಣು ಮಾಡಿ ಬಂದು ಸ್ನಾನ ಮಾಡಿ ಕೂತವರೆಲ್ಲ ಅದನ್ನು ನೋಡಿದ್ದರು.

"ನಂಗೆ ಗೊತ್ತೇ ಇರ್ಲಿಲ್ಲ ಕಣೋ."

"ಅಕ್ಕ, ಸುಮ್ನಿರು. ನಾನು ಬೆಳಿಗ್ಗೆ ಭಾವಂಗೆ ಫೋನ್ ಮಾಡ್ದಾಗ್ಲೇ ಹೇಳ್ದೆ, ಮಸ್ಕತ್ತಿಂದ ಬರೋದಾದ್ರೆ ನಾಳೆ ಬೆಳಿಗ್ಗೆವರ್ಗೂ ಇಟ್ಕೊಂಡಿರ್ತೀವಿ ಅಂತ. ಫ್ರೀಜರ್ ಬಾಕ್ಸೂ ತರ್ಸಿದ್ದೆ. ಅರ್ಧ ಗಂಟೆ ಬಿಟ್ಟು ಭಾವ ವಾಪಸ್ ಮಾಡಿದ್ರು. ನಿನ್ ಹತ್ರ ಮಾತಾಡಿದ್ರಂತೆ, ಕಾಯೋದು ಬೇಡ, ಮಾಡಿಬಿಡಿ ಅಂತ ನೀನೇ ಅಂದ್ಯಂತೆ."

"ನಾನು ಅಂದೆ ಅಂತ?"

"ಅವಳಿಗೆ ನೋಡೋ ಧೈರ್ಯ ಇಲ್ಲ ಅಂತೆ ಅಂದ್ರು. ಬಾಕ್ಸ್ ವಾಪಸ್ ಕಳಿಸ್ದೆ."

ಮಣ್ಣು ಮಾಡುವ ಮೊದಲು ಮಕ್ಕಳೆಲ್ಲ ಬಾಯಿಗೆ ನೀರು ಬಿಡಬೇಕು. ನನ್ನ ಪಾಲಿನದನ್ನು ಅವನೇ ಬಿಟ್ಟನಂತೆ. ಅಲ್ಲಿದ್ದ ಹಿರಿಯರೊಬ್ಬರು, ಮಗಳು ಎಲ್ಲಿ ಎಂದು ಕೇಳಿದರಂತೆ. ಏನು ಹೇಳುವುದೆಂದು ತಿಳಿಯದೆ, ವಿಮಾನ ಸಿಗಲಿಲ್ಲ ಎಂದನಂತೆ. ನನ್ನ ಮಾನ ಉಳಿಸಲು ನನ್ನ ತಮ್ಮ ಸುಳ್ಳು ಹೇಳಿದ್ದ, ನಾನು ಆಡದ ಮಾತಿಗೆ.

ಅಂಗಳದ ಶಾಮಿಯಾನದಡಿ ಗಂಡಸರ ಜೊತೆ ಕೂತಿದ್ದ ಯಜಮಾನರ ಹತ್ತಿರ ಹೋದೆ. ನಾನು ಯಾವತ್ತೂ ಹತ್ತು ಜನರ ಮುಂದೆ ಅವರಿಗೆ ಎದುರಾಡಿದವಳಲ್ಲ. ಅಂದೂ ದನಿ ಎತ್ತಲಿಲ್ಲ.

"ರೀ, ಸ್ವಲ್ಪ ಒಳಗೆ ಬನ್ನಿ. ನಾನು ಬೇಡ ಅಂದಿಲ್ಲ ಅಂತ ಅವನಿಗೆ ಒಂದು ಮಾತು ಹೇಳಿ, ಸಾಕು."

ಅವರು ನನ್ನನ್ನು ನೋಡಿದರು, ನನ್ನ ಹಿಂದೆ ನಿಂತಿದ್ದ ತಮ್ಮನನ್ನು ನೋಡಿದರು.

"ಈಗ್ಯಾಕೆ ಅದೆಲ್ಲಾ," ಅಂದರು. "ಜನ ಇದಾರೆ. ಆಮೇಲೆ ಮಾತಾಡೋಣ."

ತಮ್ಮ ಅದನ್ನು ಕೇಳಿ ಒಳಗೆ ಹೋದ.

ನೈರೋಬಿಗೆ ಬಂದ ಮೇಲೆ ಒಂದೇ ಸಲ ಕೇಳಿದ್ದೇನೆ, ಯಾಕೆ ಹಾಗೆ ಹೇಳಿದಿರಿ ಎಂದು. ನಾವು ಬೆಟ್ಟ ಇಳಿದು ಹೊರಟಿದ್ದರೆ ಆ ಗಂಡಹೆಂಡತಿಯ ಪ್ರವಾಸವೂ ಕೆಡುತ್ತಿತ್ತು, ನೀನು ಹೋಗಿ ಮಾಡುವುದೇನಿತ್ತು, ಕಾಯಿಸಿದರೆ ಅಲ್ಲಿನವರಿಗೂ ಕಷ್ಟ, ಏನೋ ಒಂದು ಹೇಳಿದೆ ಎಂದರು. ಕೆಟ್ಟವರಲ್ಲ ಅವರು. ಬೆಳಿಗ್ಗೆ ನನಗಿಂತ ಮೊದಲು ಎದ್ದು ಚಹಾ ಇಡುತ್ತಾರೆ. ನಾನು ಅಳುತ್ತಿದ್ದರೆ ಟೀವಿಯ ದನಿ ತಗ್ಗಿಸುತ್ತಾರೆ. ಶನಿವಾರ ಊರಾಚೆಯ ಕರೆನ್ ಕಡೆ ಸುತ್ತಾಡಿಸಿಕೊಂಡು ಬರುತ್ತೇನೆ ಎಂದು ಕಾರು ತೆಗೆಯುತ್ತಾರೆ. ನಾನು ಹೋಗಿ ಕೂರುತ್ತೇನೆ. ಎಲ್ಲಿಗೆ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಅವರು ಫೋನ್ ಹಿಡಿದು ಹೊರಗೆ ಹೋದರೆ ಮಾತ್ರ ನಾನು ಮಾಡುತ್ತಿದ್ದ ಕೆಲಸ ನಿಂತುಬಿಡುತ್ತದೆ, ಅವರು ಒಳಗೆ ಬಂದು ಯಾರದ್ದೆಂದು ಹೇಳಿದ ಮೇಲೂ ನಂಬಿಕೆ ಬರುವುದಿಲ್ಲ.

ತಮ್ಮನಿಗೆ ಭಾನುವಾರ ಫೋನ್ ಮಾಡುತ್ತೇನೆ. ಎತ್ತುತ್ತಾನೆ. ಅಂಗಡಿ, ಮಳೆ, ಮಕ್ಕಳ ಸ್ಕೂಲು. ನಾನು ಮತ್ತೊಮ್ಮೆ ಹೇಳಿದೆ. "ಆಯ್ತು ಬಿಡಕ್ಕ," ಅಂದ. ನಂಬಿದವನ ದನಿಯಲ್ಲ ಅದು. ನಾನು ಹೇಳಿದರೆ ನೆಪದಂತೆ ಕೇಳುತ್ತದೆ. ಹೇಳಬೇಕಾದವರು ಹೇಳಿದರೆ ಒಂದು ನಿಮಿಷದ ಮಾತು.

ಅಮ್ಮನ ಮುಖ ನಾನು ನೋಡಲಿಲ್ಲ. ಕಾಯಬೇಡಿ ಎಂದವಳು ನಾನಲ್ಲ ಎಂದು ನನ್ನ ಯಜಮಾನರು ನನ್ನ ತಮ್ಮನಿಗೆ ಇನ್ನೂ ಹೇಳಿಲ್ಲ.