ಕೆಂಪು ಹೋದ ಕಣ್ಣು

ಅಕ್ಕನ ಕಣ್ಣಿಗೆ ಕಡ್ಡಿ ಬಡಿದದ್ದು ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ ಎದ್ದ ದಿನ. ಅಕ್ಕ ಅಂದರೆ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಸೋಲೂರಿನಿಂದ ಮಾಗಡಿ ಕಡೆಗೆ ಹೋಗುವ ಬಸ್ಸಿನಿಂದ ಇಳಿದು ಒಳಕ್ಕೆ ನಡೆಯಬೇಕಾದ ಊರಿನಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಜ್ವರ ಅಂದರೆ ಹುಳುಗಳು ಮೇವು ಬಿಟ್ಟು, ತಲೆಯೆತ್ತಿ ಮಲಗಿ, ಚರ್ಮ ಕಳಚುವ ಕಾಲ. ನಾಲ್ಕನೆಯದರಿಂದ ಎದ್ದ ಮೇಲೆ ಅವು ಹಗಲೂ ರಾತ್ರಿ ತಿನ್ನುತ್ತವೆ. ಗೂಡು ಕಟ್ಟುವವರೆಗೆ ನಮ್ಮಲ್ಲಿ ಯಾರೂ ಹೊಸಲು ದಾಟುವ ಮಾತಿಲ್ಲ.

ಅಕ್ಕನ ಎಡಗಣ್ಣು ಹುಟ್ಟಿನಿಂದಲೇ ಮಂದ. ನೋಡುವುದೆಲ್ಲ ಬಲಗಣ್ಣಿನಲ್ಲಿ. ಕಡ್ಡಿ ಬಡಿದದ್ದೂ ಅದಕ್ಕೇ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುವಾಗ ಹಗ್ಗ ಸಡಿಲಾಗಿ ಒಂದು ಕಡ್ಡಿ ಪುಟಿಯಿತು. ಅವಳು ಸೆರಗಿಗೆ ಬಾಯಿಂದ ಊದಿ ಕಾವು ಕೊಟ್ಟುಕೊಂಡು ಕೆಲಸಕ್ಕೆ ಎದ್ದಳು. ಮರುದಿನ ಸಂಜೆಯ ಹೊತ್ತಿಗೆ ಕಣ್ಣು ಕೆಂಡವಾಗಿತ್ತು, ಬೆಳಕು ಕಂಡರೆ ನೀರು ಸುರಿಯುತ್ತಿತ್ತು.

"ಮಾಗಡಿಗೆ ಹೋಗಿ ತೋರ್ಸ್ಕೊಂಡ್ ಬಂದ್ಬುಡಕ್ಕ," ಅಂದೆ.

"ನಾನ್ ಹೋದ್ರೆ ಇವುಕ್ಕೆ ಸೊಪ್ಪಾಕಾಕೆ ನಿಮ್ಮಪ್ಪ ಬತ್ತಾನಾ?" ಅಂದು ನಕ್ಕಳು. ನಗುವಾಗಲೂ ಆ ಕಣ್ಣು ಮುಚ್ಚಿಯೇ ಇತ್ತು.

ಅತ್ತೆ ದೇವರ ಗೂಡಿನಿಂದ ಒಂದು ಪುಟ್ಟ ಟ್ಯೂಬು ತಂದರು. ಕಳೆದ ವರ್ಷ ಅವರಿಗೆ ಪೊರೆ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಮುಲಾಮು. ಆಗ ಅದನ್ನು ಹಾಕುತ್ತಿದ್ದವಳು ನಾನು. ಸೋಪಿನಲ್ಲಿ ಕೈ ತೊಳೆದು, ಕೆಳರೆಪ್ಪೆ ಒಸಿ ಎಳೆದು, ಒಳಬದಿಗೆ ಅಕ್ಕಿಕಾಳಿನಷ್ಟು ಹಿಂಡಬೇಕು, ಟ್ಯೂಬಿನ ಮೂತಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಬಾರದು ಎಂದು ನರ್ಸು ತೋರಿಸಿಕೊಟ್ಟಿದ್ದರು. ಡಾಕ್ಟರು ಹೇಳಿದಷ್ಟು ದಿನ ಹಾಕಿ, ಅವರು ಹೇಳಿದ ಹಾಗೆ ನಿಲ್ಲಿಸಿ, ಉಳಿದದ್ದನ್ನು ಬಿಸಾಡಿ ಅಂದಿದ್ದರು. ಅರ್ಧಕ್ಕಿಂತ ಹೆಚ್ಚು ಉಳಿದಿದ್ದ ಔಷಧಿ ಬಿಸಾಡಲು ಅತ್ತೆಗೆ ಮನಸ್ಸು ಬರಲಿಲ್ಲ. ವಿಭೂತಿ ಗಟ್ಟಿಯ ಪಕ್ಕ ಇಟ್ಟುಕೊಂಡಿದ್ದರು.

"ಅತ್ತೆ, ಅದು ನಿಮ್ ಕಣ್ಣಿಗೆ ಕೊಟ್ಟಿದ್ದು."

"ಕಣ್ಣು ಕಣ್ಣೇ ಕಣಮ್ಮಿ. ನಂದೇನು ಕೋಳಿ ಕಣ್ಣಾ?"

ನಮ್ಮ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬೋಗುಣಿ ಇರುತ್ತದೆ. ಹುಳುಗಳಿಗೆ ರೋಗ ತಗುಲಬಾರದೆಂದು ಒಳಗೆ ಹೋಗುವವರೆಲ್ಲ ಅದರಲ್ಲಿ ಕೈ ತೊಳೆಯಬೇಕು. ಮರೆತರೆ ಅಕ್ಕನೇ ಬೈಯುತ್ತಾಳೆ. ಆ ಸಂಜೆ ಅವಳು ಸೊಪ್ಪಿನ ಮಣ್ಣು ಅಂಟಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅದೇ ಬೆರಳಿಗೆ ಮುಲಾಮು ಹಿಂಡಿ ಕಣ್ಣಿನೊಳಗೆ ಸವರಿದಳು. ಆಮೇಲೆ ಬೋಗುಣಿಯಲ್ಲಿ ಕೈ ತೊಳೆದು ಹುಳುಗಳ ಹತ್ತಿರ ಹೋದಳು.

ಎರಡೇ ದಿನದಲ್ಲಿ ಕೆಂಪು ಹೋಯಿತು. ಉರಿಯೂ ತಗ್ಗಿತು ಅಂದಳು. ಎದುರುಮನೆಯವಳು ಬಂದು ರೆಪ್ಪೆ ಎತ್ತಿ ನೋಡಿ, "ಎಲಾ, ಹಾಲ್ನಂಗಾಗೈತೆ!" ಅಂದಳು. ಅತ್ತೆಗೆ ಹಿಗ್ಗೋ ಹಿಗ್ಗು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಅಕ್ಕ ಮಧ್ಯಾಹ್ನದಲ್ಲೇ "ಲೈಟ್ ಹಾಕಮ್ಮಿ" ಅನ್ನುತ್ತಿದ್ದಳು. ಲೋಟಕ್ಕೆ ಕಾಫಿ ಬಗ್ಗಿಸುವಾಗ ಇನ್ನೊಂದು ಕೈಯ ಬೆರಳಿನಿಂದ ಲೋಟದ ಅಂಚು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಕೇಳಿದರೆ, ನಿದ್ದೆಗೆಟ್ಟಿದ್ದಕ್ಕೆ ಅಂದಳು. ನಿದ್ದೆ ಎಲ್ಲರಿಗೂ ಕೆಟ್ಟಿತ್ತು. ಆದರೂ ನಾನು ಅವಳ ಕೈಗಳನ್ನೇ ನೋಡುತ್ತ ಓಡಾಡಿದೆ.

ಹುಳು ಹಣ್ಣಾಗತೊಡಗಿದವು. ಗೂಡು ಕಟ್ಟಲು ತಯಾರಾದ ಹುಳು ಮೇವು ಬಿಡುತ್ತದೆ. ಬೆಳಕಿಗೆ ಹಿಡಿದರೆ ಮೈಯೊಳಗೆ ಬೆಲ್ಲದ ಪಾಕದಂಥ ಹೊಳಪು ಕಾಣುತ್ತದೆ. ಅಂಥವನ್ನು ಮಾತ್ರ ಆರಿಸಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ಇದರಲ್ಲಿ ನಮ್ಮೂರಿನಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ನಾವು ಒಂದೊಂದನ್ನೇ ಎತ್ತಿ ನೋಡುತ್ತಿದ್ದರೆ ಅವಳು ನಿಂತಲ್ಲೇ ಕಣ್ಣು ಹಾಯಿಸಿ ಹಿಡಿಹಿಡಿ ಆರಿಸುತ್ತಿದ್ದಳು.

ಆ ಬೆಳಿಗ್ಗೆ ಅವಳು ಚಂದ್ರಿಕೆಗೆ ಬಿಟ್ಟ ಹುಳುಗಳಲ್ಲಿ ಅರ್ಧದಷ್ಟು ಹಸಿರಾಗಿಯೇ ಇದ್ದವು. ಕೆಲವು ಸೊಪ್ಪು ಹುಡುಕುತ್ತ ತಲೆಯಾಡಿಸುತ್ತಿದ್ದವು.

"ಅಕ್ಕ, ಇವು ಇನ್ನೂ ಮೇಯ್ತಾವೆ."

"ಮದ್ವೆಯಾಗ್ ಬಂದಾಗ ಹುಳ ಮುಟ್ಟಾಕೆ ಕಿರುಚ್ಕೋತಿದ್ದೋಳು, ನಂಗೇ ಹೇಳ್ಕೊಡ್ತೀಯಾ?"

ನಾನು ಒಂದನ್ನು ಅವಳ ಅಂಗೈಗೆ ಇಟ್ಟೆ. ಅವಳು ಕಿಟಕಿಯ ಬಳಿ ಹೋದಳು. ಹತ್ತಿರ ಹಿಡಿದಳು, ದೂರ ಹಿಡಿದಳು. ಎಡಗೈಯಿಂದ ಮಂದಗಣ್ಣು ಮುಚ್ಚಿಕೊಂಡು ಮತ್ತೆ ನೋಡಿದಳು.

"ಮಂಜು ಕಟ್ಟದಂಗೈತೆ ಕಣಮ್ಮಿ. ಹುಳ ಕಾಣ್ತದೆ. ಅದ್ರೊಳಗೆ ಕಾಣಾಕಿಲ್ಲ."

ಮೊಬೈಲಿನ ಬೆಳಕು ಹಿಡಿದು ನೋಡಿದೆ. ಕಪ್ಪುಗುಡ್ಡೆಯ ಮೇಲೆ ಒಣಗಿದ ಗಂಜಿಯ ಹನಿಯಂಥ ಬಿಳಿ ಮಚ್ಚೆ ಇತ್ತು. ಸುತ್ತಲಿನ ಕಣ್ಣು ಎದುರುಮನೆಯವಳು ಹೇಳಿದಂತೆ ಹಾಲಿನ ಹಾಗೇ ಇತ್ತು. ಭಾವನನ್ನು ಕೂಗಿ ತೋರಿಸಿದೆ. ಅವರು ಹುಳುಗಳ ಕಡೆ ತಿರುಗಿಯೂ ನೋಡದೆ ಬೈಕು ತೆಗೆದರು. ನಾನು ಹಿಂದೆ ಕೂತು ಅಕ್ಕನನ್ನು ನಡುವೆ ಹಿಡಿದುಕೊಂಡೆ. ಟ್ಯೂಬು ನನ್ನ ಮುಷ್ಟಿಯಲ್ಲಿತ್ತು.

ಮಾಗಡಿಯಲ್ಲಿ ನೋಡಿದವರು ಒಂದು ಗಳಿಗೆಯೂ ತಡಮಾಡದೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಮಚ್ಚೆಯನ್ನು ಒಸಿ ಕೆರೆದು ಪರೀಕ್ಷೆಗೆ ಕೊಟ್ಟರು. ಡಾಕ್ಟರಮ್ಮ ಟ್ಯೂಬನ್ನು ತಿರುಗಿಸಿ ಓದಿದರು.

"ಇದರಲ್ಲಿ ಎರಡು ಔಷಧಿ ಇದೆ. ಒಂದು ಆಂಟಿಬಯೋಟಿಕ್, ಇನ್ನೊಂದು ಸ್ಟೀರಾಯ್ಡ್. ನಿಮ್ಮತ್ತೆ ಕಣ್ಣಿಗೆ ಬೇಕಿತ್ತು, ನೋಡಿಯೇ ಕೊಟ್ಟಿದ್ದಾರೆ. ಇವರಿಗೆ ಕಡ್ಡಿ ತಾಗಿದ ಜಾಗದಲ್ಲಿ ಬೂಷ್ಟು ಹಿಡಿದಿದೆ. ಈ ಆಂಟಿಬಯೋಟಿಕ್ ಬೂಷ್ಟನ್ನ ಸಾಯಿಸಲ್ಲ. ಸ್ಟೀರಾಯ್ಡ್ ಕೆಂಪು, ನೋವು ಅಡಗಿಸುತ್ತೆ, ಬೂಷ್ಟು ಬೆಳೆಯೋಕೆ ಬಿಡುತ್ತೆ."

"ಮತ್ತೆ ವಾಸಿಯಾದಂಗಿತ್ತಲ್ಲವ್ವಾ?" ಅಂದಳು ಅಕ್ಕ.

"ಹಾಗೆ ಕಂಡಿತು, ಅಷ್ಟೇ. ತುಂಬ ದಿನ ಹಾಕಿದರೆ ಇದು ಕಣ್ಣಿನೊಳಗಿನ ಒತ್ತಡವನ್ನೂ ಏರಿಸುತ್ತೆ. ಅದಕ್ಕೇ ನಾವು ದಿನ ಲೆಕ್ಕ ಹಾಕಿ ಕೊಡೋದು, ಮತ್ತೆ ಬಂದು ತೋರಿಸಿ ಅನ್ನೋದು."

ಗಂಟೆಗೊಂದು ಸಲ ಹನಿ ಹಾಕುತ್ತ ಅವಳ ಮಂಚದ ಪಕ್ಕ ಕೂತ ದಿನಗಳನ್ನು ನಾನು ಹೆಚ್ಚು ನೆನೆಯುವುದಿಲ್ಲ. ಅವಳು ಕೇಳುತ್ತಿದ್ದದ್ದು ಒಂದೇ: "ಕಾಣ್ತದಾ ಅಂತ ಕೇಳಿದ್ಯಾ ಅವ್ರನ್ನ?" ಕೇಳಿದ್ದೆ. ಕಾದು ನೋಡಬೇಕು ಅಂದಿದ್ದರು. ಅದನ್ನು ಹೇಗೆ ಹೇಳಲಿ ಎಂದು ಪ್ರತಿ ಸಲ ಬೇರೆ ಬೇರೆ ಮಾತು ಹುಡುಕುತ್ತಿದ್ದೆ.

ಬೂಷ್ಟು ಹೋಯಿತು. ಕಲೆ ಉಳಿಯಿತು. ಈಗ ಮುಖ ಗುರುತಿಸುತ್ತಾಳೆ, ತೋಟಕ್ಕೆ ಒಬ್ಬಳೇ ಹೋಗಿ ಬರುತ್ತಾಳೆ. ಅತ್ತೆ ಆ ಟ್ಯೂಬಿನ ಮಾತೆತ್ತುವುದಿಲ್ಲ. ದೇವರ ಗೂಡಿನಲ್ಲಿ ಅದಿದ್ದ ಜಾಗ ಖಾಲಿಯಾಗಿದೆ.

ಮೊನ್ನೆಯ ಬೆಳೆ ಹಣ್ಣಾಗುತ್ತಿದ್ದ ದಿನ ಎದುರುಮನೆಯವಳು ಕಣ್ಣು ಉಜ್ಜಿಕೊಳ್ಳುತ್ತ ಬಂದಳು. ನೀರು ಸೋರುತ್ತಿತ್ತು.

"ಅವತ್ತು ಎಲ್ಡೇ ದಿನಕ್ಕೆ ಕೆಂಪು ತೆಗೀತಲ್ಲ, ಆ ಮುಲಾಮು ಒಸಿ ಕೊಡವ್ವ."

ಅಕ್ಕ ಒಂದು ಹುಳು ಎತ್ತಿ ಅವಳ ಅಂಗೈಗೆ ಇಟ್ಟಳು. "ಇದು ಹಣ್ಣಾಗೈತಾ ಹೇಳು."

"ಆಗೈತಲ್ಲ! ಯಾಕೆ, ನಿಂಗೇ ಗೊತ್ತಿಲ್ವಾ?"

"ಗೊತ್ತಾಗಾಕಿಲ್ಲ ಕಣೆ. ನೀ ಕೇಳೋ ಆ ಮುಲಾಮು ಕೆಂಪು ತೆಗ್ದ ಕಣ್ಣು ಇದೇಯ."

ಎದುರುಮನೆಯವಳು ಅಂಗೈಯನ್ನು ಹಾಗೇ ಚಾಚಿಕೊಂಡು ನಿಂತಳು. ಅಕ್ಕ ಹುಳುವನ್ನು ಹಿಂದಕ್ಕೆ ತೆಗೆದುಕೊಂಡಳು. "ಉಜ್ಬೇಡ. ಬಸ್ಸು ಬರೋ ಹೊತ್ತು, ನಡಿ. ಇವ್ಳು ಬತ್ತಾಳೆ ಜೊತೆಗೆ," ಅಂದು ನನ್ನ ಕಡೆ ತಿರುಗಿದಳು.

ನಾನು ಚಪ್ಪಲಿ ಮೆಟ್ಟಿ ಅಂಗಳ ದಾಟುತ್ತಿದ್ದಾಗ ಹುಳುಮನೆಯೊಳಗಿಂದ ಮತ್ತೆ ಕೂಗಿದಳು.

"ತೋರ್ಸಿದ್ಮೇಲೆ ಬಿರ್ರನೆ ಬಾ ಅಮ್ಮಿ. ಹಣ್ಣುಹುಳ ಆರ್ಸೋರಿಲ್ಲ ಇಲ್ಲಿ."