ಕಾಗದಕ್ಕೆ ಹೊಡೆಯದ ಗುಂಡುಗಳು

ನನ್ನ ಮಗಳು ಬೇಟೆಗೆ ಹೋಗುತ್ತಾಳೆ ಎಂಬುದನ್ನು ಬೆಂಗಳೂರಿನ ನೆಂಟರಿಗೆ ನಾನು ಇಂದಿಗೂ ಹೇಳಿಲ್ಲ. "ಕಾಡಿನ ವಿಷಯ ಓದ್ತಿದಾಳೆ" ಅಂತಷ್ಟೇ ಹೇಳಿದ್ದೇನೆ. ಅದೇನೂ ಸುಳ್ಳಲ್ಲ. ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿ ಬೆಳೆದ ಹುಡುಗಿ, ಹದಿನಾರಕ್ಕೆ ಅರಣ್ಯದ ಕೆಲಸ ಕಲಿಸುವ ಶಾಲೆ ಸೇರಿದಳು. ಅಲ್ಲಿ ಬೇಟೆಯೂ ಒಂದು ಪಾಠ. ಪರೀಕ್ಷೆ ಪಾಸಾದಳು. ಹದಿನೆಂಟು ತುಂಬಿದ ಮೇಲೆ ಪೊಲೀಸರ ಪರವಾನಗಿ ಬಂತು, ಹಳೆಯದೊಂದು ರೈಫಲ್ ಬಂತು, ಅದನ್ನಿಡಲು ಉಕ್ಕಿನ ಬೀರು ಬಂತು. ಬೀರುವನ್ನು ಬೋಲ್ಟ್ ಹಾಕಿ ನಿಲ್ಲಿಸುವಷ್ಟು ಗಟ್ಟಿ ಗೋಡೆ ಮನೆಯಲ್ಲಿ ಒಂದೇ ಇತ್ತು, ದೇವರ ಮಂಟಪದ ಹಿಂದಿನದು. ಮೂರು ದಿನ ನಾನು ಯಾರ ಜೊತೆಯೂ ಮಾತಾಡಲಿಲ್ಲ. ನಾಲ್ಕನೆಯ ದಿನ ಮಂಟಪವನ್ನೇ ಅಡುಗೆಮನೆಗೆ ಸಾಗಿಸಿದೆ.

ಮೊಟ್ಟೆಯನ್ನೂ ಒಳಗೆ ಬಿಡದ ಮನೆ ನಮ್ಮದು. ನನ್ನ ಗಂಡ ಎಸ್ಕಿಲ್‌ಸ್ಟುನಾದಲ್ಲಿ ಇಂಜಿನಿಯರ್. ನನ್ನ ಮತ್ತು ಮಗಳ ಜಗಳದ ಮಧ್ಯೆ ತಲೆ ಹಾಕದೆ ಇಷ್ಟು ವರ್ಷ ಬಾಳಿದ ಜಾಣ. ಹಾಗಾಗಿ ಮಗಳನ್ನು ತಡೆಯುವ ಕೆಲಸ ನನ್ನ ಪಾಲಿಗೇ ಬಂತು, ನನ್ನಿಂದ ಆಗಲಿಲ್ಲ. ತಡೆಯಲಾಗದ್ದರ ಯಜಮಾನಿಕೆ ವಹಿಸಿಕೊಳ್ಳುವುದು ನನ್ನ ಹಳೆಯ ಚಾಳಿ.

"ಮಾಡೋದೇ ಆದ್ರೆ ನೆಟ್ಟಗೆ ಮಾಡು. ಆ ಪ್ರಾಣಿ ನರಳಬಾರದು" ಅಂದೆ.

"ಪರೀಕ್ಷೆ ಪೂರ್ತಿ ಅದರ ಬಗ್ಗೇನೇ ಇತ್ತಮ್ಮ" ಅಂದಳು. ಅವಳು ಉತ್ತರ ಕೊಡುವುದು ಸ್ವೀಡಿಷ್‌ನಲ್ಲಿ, ಕೋಪ ಬಂದರೆ ಇಂಗ್ಲಿಷ್‌ನಲ್ಲಿ. ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಮಾತ್ರೆಗಳಲ್ಲಿ ಸೀಸದಂಥ ಲೋಹ ಸೇರಿದೆಯೇ ಎಂದು ನೋಡುವವಳು ನಾನು. ಮಿತಿಗಿಂತ ಕೂದಲೆಳೆ ಹೆಚ್ಚಾದರೂ ಇಡೀ ಬ್ಯಾಚು ಕಸಕ್ಕೆ. ಅಂಥವಳ ಮನೆಗೆ ಮಗಳು ಸೀಸದ ಗುಂಡುಗಳ ಡಬ್ಬಿ ತಂದಿಟ್ಟಳು. ಎರಡು ಸಂಜೆ ಕೂತು ಓದಿದೆ. ಸೀಸದ ಗುಂಡು ಮೈಯೊಳಗೆ ಒಡೆದು, ಕಣ್ಣಿಗೆ ಕಾಣದ ಪುಡಿ ಮಾಂಸದಲ್ಲಿ ಉಳಿಯಬಹುದಂತೆ. ನಾನಂತೂ ತಿನ್ನುವವಳಲ್ಲ, ಆದರೆ ಅವಳು ತಿನ್ನುತ್ತಾಳಲ್ಲ.

"ಸೀಸ ಈ ಮನೆಗೆ ಬರಕೂಡದು" ಅಂದೆ.

"ಮಾಂಸ ಬರಬಹುದಾ?" ಅಂದಳು, ನಗುತ್ತಾ.

ಆ ವಾರವೇ ಇಬ್ಬರೂ ಬೇಟೆಯ ಸಾಮಾನಿನ ಅಂಗಡಿಗೆ ಹೋದೆವು. ಪರವಾನಗಿ ತೋರಿಸಿದವರಿಗೆ ಮಾತ್ರ ಗುಂಡು ಕೊಡುತ್ತಾರೆ, ಕಾರ್ಡು ಅವಳದು, ಬಾಯಿ ನನ್ನದು. ಅಂಗಡಿಯ ಮುದುಕ ನಾಲ್ಕೈದು ಡಬ್ಬಿ ತೆಗೆದು ಹರಡಿದ. ಪೂರ್ತಿ ತಾಮ್ರದವು ಒಳ್ಳೆಯವೇ, ತಾಗಿದೊಡನೆ ಮುಂಭಾಗ ಅರಳಿಕೊಳ್ಳುತ್ತದೆ, ಚೂರಾಗುವುದಿಲ್ಲ ಎಂದ. ನನಗೆ ಗೆದ್ದ ಖುಷಿ. ಆಮೇಲೆ ಅವನು ಮಗಳ ಕಡೆ ತಿರುಗಿ ಕೇಳಿದ: "ನಿನ್ನ ರೈಫಲ್‌ನ ಗುರಿ ಯಾವ ಗುಂಡಿಗೆ ಹೊಂದಿಸಿದ್ದೀಯ?" ಸೀಸದ್ದಕ್ಕೆ ಅಂದಳು. "ಹಾಗಾದರೆ ಇವನ್ನು ಮೊದಲು ಕಾಗದಕ್ಕೆ ಹೊಡಿ. ಎಲ್ಲಿ ಬೀಳುತ್ತೆ ನೋಡಿಕೊಂಡು ಗುರಿ ಸರಿಮಾಡಿಕೊ. ಅಲ್ಲೀವರೆಗೆ ಕಾಡಿಗೆ ಹೋಗಬೇಡ."

ನಾನು ಎರಡು ಡಬ್ಬಿ ಪಕ್ಕಪಕ್ಕ ಹಿಡಿದು, "ಎರಡರ ಮೇಲೂ ಒಂದೇ ತೂಕ ಇದೆಯಲ್ಲ" ಅಂದೆ.

"ನಾನೂ ನನ್ನ ತಮ್ಮನೂ ಒಂದೇ ತೂಕ" ಅಂದ ಮುದುಕ. "ನಡಿಗೆ ಬೇರೆ."

ಅವನ ಮಾತು ನನಗೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಬರೆದುಕೊಂಡು ಪಾರಾಗಲು ಎಷ್ಟೋ ಸಲ ಮನಸ್ಸಾಗಿದೆ. ನಮ್ಮ ಲ್ಯಾಬಿನಲ್ಲಿ ಮಾತ್ರೆಗೆ ಹಾಕುವ ಪಿಷ್ಟ ಬೇರೆ ಕಡೆಯಿಂದ ಬಂದರೆ ಸಾಕು, ಅದೇ ಪಿಷ್ಟ, ಅದೇ ತೂಕ, ಆದರೂ ಎಲ್ಲ ಪರೀಕ್ಷೆ ಮೊದಲಿನಿಂದ. ಇದನ್ನು ಬಿಟ್ಟುಬಿಟ್ಟ ಹೊಸ ಹುಡುಗರನ್ನು ನಾನು ಬೈದು ಅಳಿಸಿದ್ದೂ ಉಂಟು.

ಗುಂಡು ಹಾರಿಸುವ ಮೈದಾನ ವಾರಕ್ಕೊಂದೇ ಸಂಜೆ ತೆರೆಯುತ್ತಿತ್ತು, ಗುರುವಾರ. ಶನಿವಾರ ಬೆಳಿಗ್ಗೆ ಗಂಡು ಜಿಂಕೆಯ ಬೇಟೆ ಶುರು. ನಡುವಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಕಿಸ್ಟಾ ಬಡಾವಣೆಯ ಕಡೆಯಿಂದ ಹತ್ತು ಜನ ಕನ್ನಡದ ಹೆಂಗಸರು ಅರಿಶಿನ ಕುಂಕುಮಕ್ಕೆ ಬರುವವರಿದ್ದರು. ಗುರುವಾರ ಸಂಜೆ ನಾನು ಹೂರಣದಲ್ಲಿ ಕೈಯಿಟ್ಟುಕೊಂಡು ಕೂತಿದ್ದಾಗ ಮಗಳು ರೈಫಲ್ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು.

"ಹಬ್ಬದ ಹಿಂದಿನ ದಿನ ಬಂದೂಕು ಮುಟ್ತೀಯೇನೇ? ಬಾ, ಉಂಡೆ ಕಟ್ಟು."

"ಅಮ್ಮ, ಹೊಸ ಗುಂಡು ಹೊಡೆದು ನೋಡ್ಲೇಬೇಕು."

"ಒಂದೇ ತೂಕ ಇದೆ. ಎಷ್ಟು ವ್ಯತ್ಯಾಸ ಬಂದೀತು, ಒಂದು ಬೆರಳು? ವರ್ಷಕ್ಕೊಂದು ಹಬ್ಬ, ನನಗೋಸ್ಕರ ಇದೊಂದು ಸಲ ಇರು."

ನನ್ನ ಮುಖ ನೋಡಿದಳು. ಆಮೇಲೆ ಚೀಲ ಬೀರುವಿನೊಳಗಿಟ್ಟು ಬೀಗ ಹಾಕಿ, ಕೈ ತೊಳೆದು ಬಂದು ಉಂಡೆ ಕಟ್ಟಿದಳು. ಮಗಳು ಮಾತು ಕೇಳಿದಳಲ್ಲ ಎಂದು ನಾನು ಉಬ್ಬಿಹೋದೆ. ಮಾರನೆಯ ದಿನ ಬಂದ ಹೆಂಗಸರ ಮುಂದೆ, ಇಲ್ಲಿ ಬೆಳೆದರೂ ನನ್ನ ಮಗಳು ಹಬ್ಬ ಬಿಡಲ್ಲ ಎಂದು ಹೇಳಿಕೊಂಡೆ. ಪೂಜೆಯಲ್ಲಿ ಕೇಳಿಕೊಂಡದ್ದು ಒಂದೇ: ಯಾವ ಜಿಂಕೆಯೂ ಅವಳ ಮುಂದೆ ಬಾರದಿರಲಿ ತಾಯಿ.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಫೋನ್ ಬಂತು. "ಅಮ್ಮ, ಅದು ಓಡಿಹೋಯ್ತು" ಅಂದಳು. ಆ ಧ್ವನಿಯನ್ನು ನಾನು ಅವಳು ಆರು ವರ್ಷದವಳಿದ್ದಾಗ ಕೊನೆಯ ಬಾರಿ ಕೇಳಿದ್ದೆ.

ಇಪ್ಪತ್ತು ನಿಮಿಷದ ದಾರಿ. ಹೊಲದ ಅಂಚಿನಲ್ಲಿ ಅವಳೂ, ಅವಳನ್ನು ತಮ್ಮ ಗುಂಪಿಗೆ ಸೇರಿಸಿಕೊಂಡಿದ್ದ ನಮ್ಮ ಪಕ್ಕದ ಮನೆಯ ಅಜ್ಜನೂ ನಿಂತಿದ್ದರು. ಬೇಟೆಗೆ ಅವರೇ ಮುಖ್ಯಸ್ಥರು. ಜಿಂಕೆ ಎಪ್ಪತ್ತು ಮೀಟರ್ ದೂರದಲ್ಲಿ ಅಡ್ಡಲಾಗಿ ನಿಂತಿತ್ತಂತೆ. ಇವಳ ಕೈ ನಡುಗಲಿಲ್ಲವಂತೆ. ಗುಂಡು ಹಾರಿತು, ಜಿಂಕೆ ಮುಂದಕ್ಕೆ ಮುಗ್ಗರಿಸಿ ಎದ್ದು ಮರಗಳ ಒಳಗೆ ಹೋಯಿತು.

"ಹೋಗಿ ಹುಡುಕೋಣ, ನಡೀರಿ" ಅಂದೆ. ಕೂಡದು ಅಂದರು ಅಜ್ಜ. ಗಾಯಗೊಂಡದ್ದನ್ನು ಕೂಡಲೇ ಅಟ್ಟಿದರೆ ಇನ್ನೂ ದೂರ ಹೋಗುತ್ತದೆ. ಜಾಡು ಹಿಡಿಯುವ ನಾಯಿಯನ್ನು ಕರೆಸಿದ್ದೇನೆ, ಕಾಯಬೇಕು. ಕಾದೆವು. ಒಂದು ಪ್ರಾಣಿ ಎಲ್ಲೋ ನೋಯುತ್ತಾ ಬಿದ್ದಿದೆ, ನಾವು ಹುಲ್ಲಿನ ಮೇಲೆ ಸುಮ್ಮನೆ ನಿಂತಿದ್ದೇವೆ. ಅಜ್ಜ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು, ಯಾರೂ ಕುಡಿಯಲಿಲ್ಲ.

ನಾಯಿಯವಳು ಬಂದಳು, ನಡುವಯಸ್ಸಿನ ಹೆಂಗಸು, ಗಿಡ್ಡ ಕಾಲಿನ ಉದ್ದ ಮೈಯ ನಾಯಿ. ಜಿಂಕೆ ನಿಂತಿದ್ದ ಜಾಗದಲ್ಲಿ ಮಂಡಿಯೂರಿ, ಹುಲ್ಲಿನಿಂದ ಬಿಳಿಯ ಚೂರೊಂದನ್ನು ಎತ್ತಿ ತೋರಿಸಿದಳು. ಮುಂಗಾಲಿನ ಎಲುಬು. ಎಲ್ಲಿಗೆ ಗುರಿಯಿಟ್ಟೆ ಎಂದು ಕೇಳಿದಳು. ಮಗಳು ತನ್ನದೇ ಎದೆಯ ಪಕ್ಕ ಕೈಯಿಟ್ಟು ತೋರಿಸಿದಳು. ಗುಂಡು ಒಂದು ಅಂಗೈ ಅಗಲದಷ್ಟು ಕೆಳಗೆ ಹೋಗಿತ್ತು. ಒಂದು ಬೆರಳು ಎಂದಿದ್ದೆ ನಾನು.

ನನಗೊಂದು ಕೆಲಸ ಕೊಟ್ಟರು: ರಕ್ತ ಕಂಡಲ್ಲೆಲ್ಲ ಪಕ್ಕದ ಕೊಂಬೆಗೆ ಕೆಂಪು ಪಟ್ಟಿ ಕಟ್ಟುತ್ತಾ ಹಿಂದೆ ಬರಬೇಕು. ಹಬ್ಬದ ಅರಿಶಿನ ದಾರ ಕಟ್ಟಿದ್ದ ಕೈಯಲ್ಲೇ ಕಟ್ಟುತ್ತಾ ಹೋದೆ. ಬ್ಲೂಬೆರಿ ಗಿಡದ ಎಲೆಯ ಮೇಲೆ ಒಂದು ಹನಿ, ಹತ್ತು ಹೆಜ್ಜೆಗೆ ಇನ್ನೊಂದು. ಎರಡು ಸಲ ಅದು ನಮ್ಮ ಮುಂದೆಯೇ ಎದ್ದು, ಮೂರು ಕಾಲಿನಲ್ಲಿ ಕುಂಟುತ್ತಾ ಓಡಿತು. ಎರಡು ಸಲವೂ ನಡುವೆ ಮರಗಳಿದ್ದವು, ಹೊಡೆಯುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳ್ಳವೊಂದರ ಬಳಿ ನಾಯಿಗೆ ಜಾಡು ತಪ್ಪಿತು. ಸುತ್ತಿ ಸುತ್ತಿ ಬಂತು, ನಾಲಿಗೆ ಚಾಚಿ ಮಲಗಿಬಿಟ್ಟಿತು. ಸಿಗದಿದ್ದರೆ ಎಷ್ಟು ದಿನ ಬದುಕಿರುತ್ತೆ ಎಂದು ಮಗಳು ಕೇಳಿದಳು. ಕೆಲವು ವಾರಗಟ್ಟಲೆ ಇರುತ್ತವೆ ಅಂದಳು ಆಕೆ. ಮಗಳು ಅಳಲಿಲ್ಲ. ಬಾಯಿ ಬಿಗಿದುಕೊಂಡು ಹಳ್ಳದ ನೀರನ್ನು ನೋಡುತ್ತಾ ನಿಂತಳು. ಅತ್ತಿದ್ದರೆ ಅಪ್ಪಿಕೊಳ್ಳುತ್ತಿದ್ದೆ. ನಾನು ಒಂದು ಮರದ ಹಿಂದೆ ಹೋಗಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೇಳಿಕೊಂಡೆ: ಅದು ಎಲ್ಲಾದರೂ ಸತ್ತು ಬಿದ್ದಿರಲಿ ತಾಯಿ, ಅದರ ಜೀವ ತೆಗೆದುಬಿಡು. ನಲವತ್ತೇಳು ವರ್ಷದಲ್ಲಿ ಇಂಥದ್ದನ್ನು ನಾನು ಯಾವ ದೇವರಲ್ಲೂ ಬೇಡಿರಲಿಲ್ಲ.

ನೀರು ಕುಡಿಸಿ, ಸುಧಾರಿಸಿಕೊಳ್ಳಲು ಬಿಟ್ಟು, ಆಕೆ ನಾಯಿಯನ್ನು ಹಳ್ಳದ ಆಚೆ ದಡಕ್ಕೆ ಎತ್ತಿಕೊಂಡು ಹೋದಳು. ಅಲ್ಲಿ ಜಾಡು ಸಿಕ್ಕಿತು. ನಾಲ್ಕು ಗಂಟೆಗೆ, ಬಿದ್ದ ಮರವೊಂದರ ಪಕ್ಕದಲ್ಲಿ ಅದು ಮಲಗಿತ್ತು. ಬದುಕಿತ್ತು, ಈ ಸಲ ಏಳಲಿಲ್ಲ, ತಲೆ ಮಾತ್ರ ಎತ್ತಿ ನಮ್ಮತ್ತ ನೋಡಿತು. "ನಾನು ಮುಗಿಸಲಾ?" ಎಂದು ಆಕೆ ಮಗಳನ್ನು ಕೇಳಿದಳು. "ನನ್ನದು, ನಾನೇ" ಅಂದಳು ಮಗಳು. ಆಕೆ ತನ್ನ ರೈಫಲನ್ನೇ ಅವಳ ಕೈಗಿತ್ತು ಪಕ್ಕದಲ್ಲಿ ನಿಂತಳು. ನಾನು ಕಣ್ಣು ಮುಚ್ಚಲಿಲ್ಲ, ಮುಚ್ಚುವ ಹಕ್ಕು ನನಗಿರಲಿಲ್ಲ. ಒಂದೇ ಗುಂಡು. ನನಗೆ ಸಮಾಧಾನವಾಯಿತು. ಒಂದು ಪ್ರಾಣಿ ಸತ್ತಿತೆಂದು ಸಮಾಧಾನವಾಯಿತು ಎಂದು ಬರೆಯಲು ಕೈ ಏಳುವುದಿಲ್ಲ, ಆದರೆ ಆಯಿತು.

ಕಾರುಗಳ ಬಳಿ ಅಜ್ಜ ಕೇಳಿದರು: "ಗುಂಡು ಬದಲಾಯಿಸಿದ್ದೆಯಾ?"

"ಹೂಂ."

"ಕಾಗದಕ್ಕೆ ಹೊಡೆದು ನೋಡಿದ್ದೆಯಾ?"

"ಇಲ್ಲ."

ನಾನು ಮುಂದೆ ನುಗ್ಗಿದೆ. ನನ್ನ ಹರಕು ಸ್ವೀಡಿಷ್‌ನಲ್ಲಿ, ತಪ್ಪು ನನ್ನದು, ಹೋಗಬೇಡ ಅಂದವಳು ನಾನು, ಹಬ್ಬ ಇತ್ತು, ಹೂರಣ, ಎಂದೇನೇನೋ ಹೇಳಿದೆ. ಅಜ್ಜ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. "ರೈಫಲ್ ನಿಮ್ಮ ಕೈಯಲ್ಲಿ ಇರಲಿಲ್ಲ" ಎಂದಷ್ಟೇ ಹೇಳಿ ಮತ್ತೆ ಅವಳ ಕಡೆ ತಿರುಗಿದರು. ಈ ವರ್ಷ ಪೂರ್ತಿ ರೈಫಲ್ ಇಲ್ಲದೆ ಗುಂಪಿನ ಜೊತೆ ಬಾ ಅಂದರು. ಸರಿ ಅಂದಳು. ಮಗಳು ಬಿದ್ದರೆ, ಸೋತರೆ, ಕಡಿಮೆ ಅಂಕ ತಂದರೆ, ಪ್ರತಿ ಸಲವೂ ನಡುವೆ ಹೋಗಿ ನಿಂತವಳು ನಾನು. ಅವತ್ತು ನನಗೆ ನಿಲ್ಲಲು ಜಾಗವೇ ಇರಲಿಲ್ಲ.

ಮನೆಗೆ ಬರುವಾಗ ಅವಳು ಕಾರಿನಲ್ಲಿ ನನ್ನ ಪಕ್ಕ ಕೂತಿದ್ದಳು. ಅವಳ ಉಗುರುಗಳಲ್ಲಿ ಒಣಗಿದ ರಕ್ತವಿತ್ತು.

"ಅಮ್ಮ, ನನಗೆ ಗೊತ್ತಿತ್ತು" ಅಂದಳು ಅರ್ಧ ದಾರಿಯಲ್ಲಿ. "ತಪ್ಪು ಅಂತ ಗುರುವಾರಾನೇ ಗೊತ್ತಿತ್ತು. ಹಬ್ಬದ ದಿನ ನೀನು ಮುಖ ಊದಿಸ್ಕೊಂಡು ಓಡಾಡ್ತೀಯಲ್ಲ, ಅದಕ್ಕೆ ಹೆದರಿ ಸುಮ್ಮನಾದೆ."

ನಾನು ಕಾರಿನ ವೇಗ ತಗ್ಗಿಸಿದೆ.

"ಇನ್ಮೇಲೆ ಇಂಥದ್ರಲ್ಲಿ ನಿನ್ನ ಮಾತು ಕೇಳಲ್ಲ." ಕೋಪ ಇರಲಿಲ್ಲ ಅವಳ ಧ್ವನಿಯಲ್ಲಿ, ದಣಿವಿತ್ತು.

"ಕೇಳಬೇಡ" ಅಂದೆ. "ನಾನು ಅತ್ರೂ ಕೇಳಬೇಡ."

ಅವಳು ಕಿಟಕಿಯ ಕಡೆ ತಿರುಗಿದಳು. ಮನೆ ತಲುಪುವವರೆಗೂ ನಾನು ಅಳುತ್ತಲೇ ಕಾರು ಓಡಿಸಿದೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ.